ಗಾಲಿಗೆ ಹಚ್ಚಿದ ಬೂದಿ

ಹೊಟ್ಟೆಕಿಚ್ಚು ಎಂಬ ಕಾಯಿಲೆಗೆ ತೈನಾನ್ ನಗರದ ಯಾವ ಆಸ್ಪತ್ರೆಯಲ್ಲೂ ವಾರ್ಡ್ ಇಲ್ಲ. ಇದ್ದಿದ್ದರೆ ನೀರಿನ ಮೀಟರ್ ಓದುವ ವೆಂಗ್ ಮಹಾಶಯನಿಗೆ ಅಲ್ಲೊಂದು ಕಾಯಂ ಹಾಸಿಗೆ, ಅದೂ ಕಿಟಕಿ ಪಕ್ಕದ್ದು, ಕಾದಿರಿಸಬೇಕಾಗುತ್ತಿತ್ತು. ಹಾಗೆ ನೋಡಿದರೆ ಅವನಿಗೆ ಬೇರೆ ಯಾವ ರೋಗವೂ ಇರಲಿಲ್ಲ. ಐವತ್ತೆಂಟರ ವಯಸ್ಸಿನಲ್ಲೂ ಎರಡು ಬಟ್ಟಲು ಅನ್ನ ಉಂಡು, ಮೇಲೊಂದು ಮೀನಿನ ತಲೆ ಚೀಪಿ, ಬೀದಿಗೆ ಕೇಳುವಂತೆ ತೇಗುವ ಗಟ್ಟಿ ಆಸಾಮಿ.

ಅವನ ಸಂಕಟಕ್ಕೆ ಕಾರಣ ಎದುರುಮನೆಯ ಲಾಯ್. ಇನ್ನೂ ಖಚಿತವಾಗಿ ಹೇಳಬೇಕೆಂದರೆ, ಲಾಯ್‌ನ ಬೈಕಿನ ಎರಡು ಅಲಾಯ್ ಚಕ್ರಗಳು.

ಲಾಯ್ ನಿವೃತ್ತ ಬಸ್ ಚಾಲಕ, ಮದುವೆ ಗಿದುವೆ ಮಾಡಿಕೊಂಡವನಲ್ಲ. ದಿನಾ ಸಂಜೆ ಬಿಸಿಲು ಇಳಿದ ಮೇಲೆ ಕೆಂಪು ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಬಾಗಿಲ ಮುಂದೆ ಕೂರುತ್ತಿದ್ದ. ಒಂದು ಬಕೆಟ್ ಸೋಪಿನ ನೀರು, ಒಂದು ಹಳೆ ಟೂತ್ ಬ್ರಷ್, ತೊಡೆಯ ಮೇಲೆ ಹರಿದ ಬನಿಯನ್ನಿನ ತುಂಡುಗಳು. ಬ್ರೇಕಿನ ಕಪ್ಪು ಪುಡಿ ತೊಳೆದು, ಚೈನಿನಿಂದ ಸಿಡಿದ ಎಣ್ಣೆ ಒರೆಸಿ, ಬೆರಳ ತುದಿಯಲ್ಲಿ ಪಾಲಿಶ್ ತೆಗೆದುಕೊಂಡು ಉಜ್ಜಲು ಶುರುಮಾಡಿದನೆಂದರೆ ಸುತ್ತ ಭೂಕಂಪವಾದರೂ ತಲೆ ಎತ್ತುತ್ತಿರಲಿಲ್ಲ. ಹೋಗಿಬರುವವರೆಲ್ಲ ನಿಂತು ನೋಡುವುದೇ ನೋಡುವುದು. ಮೂಲೆಮನೆಯ ಸೊಸೆ ಒಮ್ಮೆ ಆ ಚಕ್ರದ ಮುಂದೆ ಬಗ್ಗಿ ತುಟಿಯ ಬಣ್ಣ ಸರಿಮಾಡಿಕೊಂಡು ಹೋದಳು. ಅಂದು ವೆಂಗ್‌ಗೆ ಊಟ ಸೇರಲಿಲ್ಲ. ಏಕೆಂದರೆ ಅವನ ಹತ್ತಿರ ಇದ್ದದ್ದೂ ಅದೇ ಕಂಪನಿಯ, ಅದೇ ವರ್ಷದ, ಅದೇ ಬಣ್ಣದ ಬೈಕು. ಇಬ್ಬರೂ ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಂಡದ್ದು. ಲಾಯ್‌ನ ಚಕ್ರದಲ್ಲಿ ಮುಖ ಕಾಣುತ್ತಿತ್ತು, ವೆಂಗ್‌ನ ಚಕ್ರದಲ್ಲಿ ಚಕ್ರವೇ ಸರಿಯಾಗಿ ಕಾಣುತ್ತಿರಲಿಲ್ಲ.

ಇಷ್ಟಾದರೂ ಹೇಗೋ ನುಂಗಿಕೊಂಡಿದ್ದ. ಆದರೆ ಆ ದಿನ ಮಗಳು ಯು-ಚಿಂಗ್ ಊಟಕ್ಕೆ ಕೂತಾಗ ಬಾಂಬು ಹಾಕಿದಳು.

ಯು-ಚಿಂಗ್‌ಗೆ ಶಿ-ಲುನ್ ಎಂಬ ಬೈಕ್ ಮೆಕಾನಿಕ್‌ನೊಂದಿಗೆ ಮದುವೆ ಗೊತ್ತಾಗಿತ್ತು. ಹೂವಿನ ಕಾರು ಬೇಡ, ಗಂಡು ಬೈಕಿನಲ್ಲೇ ಹೆಣ್ಣನ್ನು ಕೂರಿಸಿಕೊಂಡು ಹೋಗುವುದು, ಹಿಂದೆ ಅವನ ಗೆಳೆಯರ ಬೈಕುಗಳ ಸಾಲು ಎಂದು ಹುಡುಗರು ತೀರ್ಮಾನಿಸಿದ್ದರು. ಆ ಮುಂದಿನ ಬೈಕು ಹೆಣ್ಣಿನ ಕಡೆಯಿಂದ ಬರಬೇಕು, ಮದುಮಕ್ಕಳು ಮೊದಲ ಸಲ ತೌರಿಗೆ ಬರುವುದೂ ಅದರಲ್ಲೇ ಎಂದು ಗಂಡಿನ ತಾಯಿ ಹೇಳಿ ಕಳಿಸಿದ್ದಳು. ವೆಂಗ್ ಹಿಗ್ಗಿ ಹೀರೇಕಾಯಿಯಾಗಿದ್ದ.

“ಅಪ್ಪಾ, ಬೇಜಾರು ಮಾಡ್ಕೋಬೇಡಿ. ಆ ದಿನಕ್ಕೆ ಲಾಯ್ ಮಾಮನ ಬೈಕು ಕೇಳ್ತೀನಿ,” ಎಂದಳು ಮಗಳು.

ವೆಂಗ್‌ನ ಚಾಪ್‌ಸ್ಟಿಕ್ಕಿನಿಂದ ತೋಫು ಜಾರಿ ಬಿತ್ತು. “ಯಾಕೆ? ನಮ್ಮ ಬೈಕಿಗೇನಾಗಿದೆ?”

“ಏನೂ ಆಗಿಲ್ಲ. ಫೋಟೋ ತೆಗೀತಾರಲ್ಲ ಅಪ್ಪಾ... ನಿಮ್ಮ ಚಕ್ರ ನೋಡಿದ್ರೆ ಕೆಸರುಗದ್ದೆಯಿಂದ ನೇರ ಬಂದಹಾಗಿದೆ.”

“ನನ್ನ ಮಗಳು ನನ್ನ ಮನೆಯಿಂದ ಇನ್ನೊಬ್ಬನ ಗಾಲಿ ಮೇಲೆ ಹೋಗ್ಬೇಕಾ! ಅದೂ ಆ ಲಾಯ್‌ದು!”

“ಹಾಗಾದ್ರೆ ನೀವೂ ಉಜ್ಜಿ. ಯಾರು ಬೇಡ ಅಂದ್ರು?” ಎಂದಳು ಹೆಂಡತಿ ಬಿ-ಯುನ್, ಸೂಪು ಬಡಿಸುತ್ತ. “ಮದುವೆಗೆ ಇನ್ನೂ ತಿಂಗಳಿದೆ. ಲಾಯ್ ಚಕ್ರಕ್ಕಿಂತ ಚೆನ್ನಾಗಿ ಹೊಳೆದ್ರೆ ನಿಮ್ಮ ಬೈಕು, ಇಲ್ದಿದ್ರೆ ಅವನದ್ದು. ಮುಗೀತಲ್ಲ.”

ಮುಗಿಯಿತು ಎಂದು ಅವಳು ಅಂದುಕೊಂಡಳು.

ಮರುದಿನದಿಂದ ವೆಂಗ್ ಉಜ್ಜಿದ. ಪಾತ್ರೆ ತೊಳೆಯುವ ನಾರಿನಲ್ಲಿ ಉಜ್ಜಿದ, ಹಲ್ಲಿನ ಪೇಸ್ಟಿನಲ್ಲಿ ಉಜ್ಜಿದ, ಬಿಸಿಬಿಸಿ ಚಕ್ರಕ್ಕೆ ತಣ್ಣೀರು ಎರಚಿ ಉಜ್ಜಿದ. ಎದುರಿಗೆ ಕೂತಿದ್ದ ಲಾಯ್‌ಗೆ ನೋಡಲಾಗಲಿಲ್ಲ.

“ಲೋ ವೆಂಗ್, ಚಕ್ರ ಆರಲಿ ಕಣೋ ಮೊದಲು. ಸೋಪು ನೀರು, ಮೆತ್ತನೆ ಬಟ್ಟೆ, ಚೂರು ಪಾಲಿಶ್. ಬಟ್ಟೆ ಕಪ್ಪಾಗೋವರೆಗೂ ಉಜ್ಜು, ಆಮೇಲೆ ಬೇರೆ ಬಟ್ಟೇಲಿ ಒರೆಸು. ಬ್ರೇಕ್ ಡಿಸ್ಕಿಗೆ ಮಾತ್ರ ತಾಗಿಸ್ಬೇಡ. ಇಷ್ಟೇ ಮಾರಾಯ, ಇದರಲ್ಲಿ ಗುಟ್ಟೇನಿಲ್ಲ.”

ಗುಟ್ಟಿಲ್ಲ ಎಂದು ಯಾರಾದರೂ ತಾವಾಗಿ ಹೇಳಿದರೆ ಅಲ್ಲಿ ಗುಟ್ಟು ಇದ್ದೇ ಇದೆ ಎಂಬುದು ಹೊಟ್ಟೆಕಿಚ್ಚಿನವರ ಮೊದಲ ಸಿದ್ಧಾಂತ. ವೆಂಗ್ ಮನಸ್ಸಿನಲ್ಲೇ ನಕ್ಕ. ಸೋಪು ನೀರಂತೆ! ಹೋದ ವರ್ಷ ತಾನು ಕಣ್ಣಾರೆ ಕಂಡದ್ದು ಅವನಿಗೆ ಆಗ ಥಟ್ಟನೆ ನೆನಪಾಯಿತು. ಬೆಳಗಿನ ಹೊತ್ತು ಲಾಯ್ ವೈದ್ಯದೇವರ ಗುಡಿಯಿಂದ ಕಳ್ಳನ ಹಾಗೆ ಅತ್ತಿತ್ತ ನೋಡುತ್ತ ಬಂದಿದ್ದ. ಕೈಯಲ್ಲಿ ಕೆಂಪು ಕಾಗದದ ಪುಟ್ಟ ಪೊಟ್ಟಣ. ಒಂದಲ್ಲ ಎರಡಲ್ಲ, ಮೂರು ಸಲ ಹಾಗೆ ಬಂದಿದ್ದ. ಕೆಂಪು ಪೊಟ್ಟಣದಲ್ಲಿ ಗುಡಿಯಿಂದ ಬರುವುದು ಊದಿನಕಡ್ಡಿಯ ಬೂದಿ, ಇನ್ನೇನು ತಾನೆ? ವರ್ಷದ ಕೊನೆಗೆ ದೇವರ ಪೀಠ ತೊಳೆಯುವಾಗ ವೆಂಗ್‌ನ ಅಜ್ಜಿ ಹಿತ್ತಾಳೆ ದೀಪಗಳನ್ನು ಉಜ್ಜುತ್ತಿದ್ದದ್ದು ಅದೇ ಬೂದಿಯಲ್ಲಿ. ದೀಪ ಫಳಫಳ ಎನ್ನುತ್ತಿತ್ತು!

“ಸಿಕ್ಕಿಬಿದ್ದೆ ಮಗನೇ,” ಎಂದುಕೊಂಡ ವೆಂಗ್. ಮನೆಯ ದೇವರ ಪೀಠದಿಂದ ಚಿಟಿಕೆ ಬೂದಿ ತೆಗೆದು ಹಿತ್ತಾಳೆ ದೀಪಕ್ಕೆ ಹಚ್ಚಿ ಪರೀಕ್ಷಿಸಿಯೂ ಬಿಟ್ಟ. ದೀಪ ಬಂಗಾರವಾಯಿತು. ಇನ್ನು ಅನುಮಾನಕ್ಕೆ ಜಾಗವೆಲ್ಲಿ?

ಕಾಯಿಲೆಯವರು ವೈದ್ಯದೇವರ ಬೂದಿಯನ್ನು ನೀರಲ್ಲಿ ಕಲಸಿ ಕುಡಿಯುವುದು ಆ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ವೆಂಗ್‌ಗೂ ಗೊತ್ತಿತ್ತು. ಆದರೆ ತಲೆಯೊಳಗೆ ಚಕ್ರ ತಿರುಗುತ್ತಿದ್ದಾಗ ಬೇರೆ ವಿಷಯಗಳಿಗೆ ಅಲ್ಲಿ ಎಡೆ ಇರಲಿಲ್ಲ.

ಗುಡಿಯ ಮೇಲ್ವಿಚಾರಕ ಮುದುಕ ಕಾವ್ ಅಜ್ಜ. ಬಾಯಲ್ಲಿ ನಾಲ್ಕು ಹಲ್ಲು, ಊರಿನ ಸುದ್ದಿಯೆಲ್ಲ ಆ ನಾಲ್ಕರ ಸಂದಿನಲ್ಲೇ ಹೋಗಿಬರುವುದು. ವೆಂಗ್ ಬೂದಿ ಕೇಳಿದ ಕೂಡಲೇ ಅಜ್ಜ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದ.

“ಯಾರಿಗಪ್ಪಾ?”

“ನನಗೇ.”

“ಏನು ತೊಂದರೆ?”

ಗಾಲಿಗೆ ಎಂದು ಹೇಳುವುದುಂಟೆ? ದೇವರ ಬೂದಿ ಗಾಲಿಗೆ ಹಚ್ಚುತ್ತೇನೆ ಎಂದರೆ ಅಜ್ಜ ಪೊರಕೆ ತೆಗೆದುಕೊಳ್ಳುತ್ತಾನೆ. ವೆಂಗ್ ನೆಲ ನೋಡಿದ. “ಅದನ್ನ ಹೇಳೋಹಾಗಿಲ್ಲ ಅಜ್ಜ.”

ಅಜ್ಜನ ಮುಖ ಇಳಿದುಹೋಯಿತು. ಹೆಸರು ಹೇಳಲಾಗದ ಕಾಯಿಲೆ ಎಂದರೆ ಜೀವ ತೆಗೆಯುವ ಕಾಯಿಲೆ ಎಂದು ಅವನಿಗೆ ಗೊತ್ತು. “ಸರಿ, ದೇವರನ್ನ ಕೇಳು,” ಎಂದ. ವೆಂಗ್ ಮಂಡಿಯೂರಿ ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿದ. ಒಂದು ಬೋರಲು, ಒಂದು ಅಂಗಾತ. ದೇವರು ಒಪ್ಪಿದ. ಮತ್ತೆ ಹಾಕಿದ, ಮತ್ತೆ ಒಪ್ಪಿದ. ಮೂರನೇ ಸಲವೂ ಒಪ್ಪಿದ. ದೇವರಿಗೆ ಆ ಹೊತ್ತು ಬೇರೆ ಯಾವುದೋ ಗಿರಾಕಿಯ ಮೇಲೆ ಗಮನವಿದ್ದಿರಬೇಕು.

ಅಜ್ಜ ಚಮಚದಲ್ಲಿ ಬೂದಿ ತೆಗೆದು ಕೆಂಪು ಕಾಗದಕ್ಕೆ ಹಾಕಿದ.

“ಇಷ್ಟು ಸಾಲಲ್ಲ ಅಜ್ಜ,” ಎಂದ ವೆಂಗ್.

“ಮತ್ತೆಷ್ಟು ಬೇಕು?”

ವೆಂಗ್ ಜೇಬಿನಿಂದ ಅಕ್ಕಿಯ ಖಾಲಿ ಚೀಲ ತೆಗೆದ. “ಇದು ತುಂಬ.”

ಕಾವ್ ಅಜ್ಜನ ಕೈಯಿಂದ ಚಮಚ ಬಿತ್ತು. “ಅಯ್ಯೋ ಶಿವನೇ,” ಎನ್ನುವ ಅರ್ಥದ ಮಾತೊಂದು ತನ್ನ ಭಾಷೆಯಲ್ಲಿ ಉದ್ಗರಿಸಿದ. “ಅಷ್ಟು ಮುಂದುವರಿದಿದೆಯಾ ಮಗನೇ!” ಕಣ್ಣೊರೆಸಿಕೊಳ್ಳುತ್ತ ಚೀಲ ತುಂಬಿಸಿಕೊಟ್ಟ.

ಸಂಜೆ ಹಾಡು ಹಾಕಿಕೊಂಡು ಕಸದ ಲಾರಿ ಬರುವ ಹೊತ್ತು ಆ ಬೀದಿಯ ಮಹಾಸಭೆಯ ಹೊತ್ತು. ಎಲ್ಲರೂ ಕಸದ ಚೀಲ ಹಿಡಿದು ಮುಂಚೆಯೇ ಬಂದು ಸೇರುತ್ತಾರೆ. ಲಾರಿ ಒಂದು ನೆಪ ಅಷ್ಟೇ. ಅಂದು ಲಾರಿ ಬಂದು, ಹಾಡು ಮುಗಿಸಿ, ಮುಂದಿನ ಬೀದಿಗೆ ಹೋದರೂ ಅರ್ಧ ಜನ ಕಸ ಕೈಯಲ್ಲೇ ಹಿಡಿದು ನಿಂತಿದ್ದರು.

“ಒಂದು ಚೀಲ! ನನ್ನ ಅತ್ತೆ ಸಾಯೋವಾಗ ಒಂದು ಪೊಟ್ಟಣ ಸಾಕಾಗಿತ್ತು.”

“ಬಾಯಿಬಿಟ್ಟು ಹೇಳೋಹಾಗಿಲ್ಲ ಅಂದ್ರಂತೆ.”

“ಮಗಳ ಮದುವೆ ಮುಗೀಲಿ ಅಂತ ಮುಚ್ಚಿಟ್ಟಿದ್ದಾರೆ ಪಾಪ. ಇಷ್ಟು ವರ್ಷ ಅವರನ್ನ ಸುಮ್ಮನೆ ಜಗಳಗಂಟ ಅಂದ್ಕೊಂಡಿದ್ದೆ.”

ಇತ್ತ ಜಗಳಗಂಟ ಮಹಾಶಯ ಹಿತ್ತಲಲ್ಲಿ ಬೂದಿಯನ್ನು ನೀರಲ್ಲಿ ಕಲಸಿ ಎರಡೂ ಚಕ್ರಗಳಿಗೆ ಬಳಿದು, ಒದ್ದೆ ಬಟ್ಟೆ ಸುತ್ತಿ, ಮೇಲೆ ಟಾರ್ಪಾಲು ಹೊದಿಸಿ ಸಿಳ್ಳೆ ಹಾಕುತ್ತಿದ್ದ. ಬೆಳಗಾಗುವಷ್ಟರಲ್ಲಿ ಚಕ್ರ ಸೂರ್ಯನಾಗುತ್ತದೆ, ಲಾಯ್ ಅದನ್ನು ನೋಡಿ ಕಣ್ಣು ಕುಕ್ಕಿಸಿಕೊಳ್ಳುತ್ತಾನೆ, ಎಂದುಕೊಂಡು ಸುಖವಾಗಿ ಮಲಗಿದ.

ಬೆಳಿಗ್ಗೆ ಬಟ್ಟೆ ಬಿಚ್ಚಿ ನೋಡಿದರೆ ಚಕ್ರ ಕಂಡು ಅವನಿಗೇ ಹೆದರಿಕೆಯಾಯಿತು. ಅಲ್ಲಲ್ಲಿ ಬೂದು ಬಣ್ಣದ ತೇಪೆ, ಅಲ್ಲಲ್ಲಿ ಕಪ್ಪು, ನಡುನಡುವೆ ತೊನ್ನು ಹಿಡಿದಂತೆ ಬಿಳಿ ಚುಕ್ಕೆ. ಉಜ್ಜಿದಷ್ಟೂ ಇನ್ನಷ್ಟು ಮಂಕಾಯಿತು. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತು ಎಂದು ಗಾದೆ ಮಾಡಿದವರು ಯಾರೋ, ಅವರು ವೆಂಗ್‌ನನ್ನು ಖಂಡಿತ ನೋಡಿದ್ದರು. ಅವನು ಟಾರ್ಪಾಲು ಎಳೆದು ಮುಚ್ಚಿ, ಒಳಗೆ ಬಂದು ಕುರ್ಚಿಯಲ್ಲಿ ಕುಸಿದ. ಗಂಜಿ ಬೇಡ ಎಂದ.

ಗಂಜಿ ಬೇಡ ಎಂದದ್ದೇ ತಡ, ಬಿ-ಯುನ್ ಬೋರೆಂದು ಅಳತೊಡಗಿದಳು. ಕಸದ ಲಾರಿಯ ಸಭೆಯಿಂದ ಸುದ್ದಿ ತಂದವಳು ಆ ತನಕ ಹೇಗೋ ತಡೆದುಕೊಂಡಿದ್ದಳು.

“ರೀ, ನನ್ನ ಹತ್ರ ಯಾಕೆ ಮುಚ್ಚಿಟ್ರಿ?”

ವೆಂಗ್ ಬೆಚ್ಚಿಬಿದ್ದ. ಚಕ್ರ ಹಾಳಾದದ್ದು ಇವಳಿಗೆ ಆಗಲೇ ಗೊತ್ತಾಯಿತೇ? “ಸರಿಹೋಗುತ್ತೆ ಅಂದ್ಕೊಂಡಿದ್ದೆ,” ಎಂದ ಸೋತ ದನಿಯಲ್ಲಿ.

“ಎಷ್ಟು ಹರಡಿದೆ?”

“ಎರಡಕ್ಕೂ ಹರಡಿದೆ. ಹಿಂದಿನದ್ದು ಜಾಸ್ತಿ.”

“ಎರಡಕ್ಕೂ!” ಎಂದು ಚೀರಿ ಅವಳು ಸೆರಗಿಲ್ಲದ ಊರಿನಲ್ಲಿ ಏಪ್ರನ್ನಿನಿಂದಲೇ ಮುಖ ಮುಚ್ಚಿಕೊಂಡಳು. “ಆಸ್ಪತ್ರೆಗೆ ಹೋಗೋಣ, ನಡೀರಿ!”

ಆಗ ವೆಂಗ್‌ಗೆ ನಿಧಾನವಾಗಿ ಬೆಳಕು ಹರಿಯಿತು. ಹರಿದಷ್ಟೂ ಅವನು ಕುರ್ಚಿಯೊಳಗೆ ಇಳಿಯುತ್ತ ಹೋದ. ನಿಜ ಹೇಳಿದರೆ ದೇವರ ಬೂದಿಯನ್ನು ಬೈಕಿಗೆ ಬಳಿದ ಪಾಪಿ ಎಂದು ಊರೆಲ್ಲ ಉಗಿಯುತ್ತದೆ. ಉಗಿಯಲಿ, ಅದನ್ನಾದರೂ ತಡೆದುಕೊಳ್ಳಬಹುದು. ಲಾಯ್ ನಗುತ್ತಾನೆ, ಅದನ್ನು ತಡೆಯುವುದು ಹೇಗೆ? “ಆಸ್ಪತ್ರೆ ಬೇಡ ಕಣೆ,” ಎಂದಷ್ಟೇ ಹೇಳಿ ಕಣ್ಣು ಮುಚ್ಚಿದ. ಬಿ-ಯುನ್‌ಗೆ ಎಲ್ಲವೂ ಖಾತ್ರಿಯಾಯಿತು.

ಅಂದಿನಿಂದ ಮನೆಗೆ ಸೂಪಿನ ಮೆರವಣಿಗೆ. ಎಳ್ಳೆಣ್ಣೆ ಶುಂಠಿ ಹಾಕಿದ ಕೋಳಿ ಸೂಪು, ಹಂದಿ ಪಕ್ಕೆಲುಬಿನ ಸೂಪು, ಹಾಲುಮೀನಿನ ಗಂಜಿ. ಫ್ರಿಜ್ಜಿನ ಬಾಗಿಲು ಹಾಕಲು ಬಿ-ಯುನ್ ಸೊಂಟದಿಂದ ಒತ್ತಬೇಕಾಯಿತು. ವಾರ್ಡಿನ ಮುಖ್ಯಸ್ಥ ಶ್ಯೂ ಅವರೂ ಚುನಾವಣೆಯ ನಗು ಬಿಟ್ಟು ಬೇರೊಂದು ಗಂಭೀರ ಮುಖ ಹಾಕಿಕೊಂಡು ಬಂದರು. ಸೇಬಿನ ಬುಟ್ಟಿ ಇಟ್ಟು, ವೆಂಗ್‌ನ ಮುಖವನ್ನು ತಲೆ ಓರೆಮಾಡಿ ನೋಡಿದರು.

“ವೆಂಗ್ ಅವರೇ, ನಿಮ್ದೊಂದು ಒಳ್ಳೆ ಫೋಟೋ ಇದೆಯೇ?”

“ಯಾಕೆ ಸಾರ್?”

“ಸುಮ್ಮನೆ ಕೇಳಿದೆ. ಮುಖ ತುಂಬಿಕೊಂಡಿರೋವಾಗ್ಲೇ ಒಂದು ತೆಗೆಸಿಟ್ಟುಕೊಳ್ಳಿ. ದೊಡ್ಡದು ಮಾಡಿಸೋಕೆ ಅನುಕೂಲ. ನಮ್ಮ ಮಾವನ್ನ ಹಾಗೇ ಬಿಟ್ಟು ಆಮೇಲೆ ಲೈಸೆನ್ಸಿನ ಫೋಟೋ ಹಾಕ್ಬೇಕಾಯ್ತು, ಶವಯಾತ್ರೇಲಿ ಎಲ್ಲರೂ ನಕ್ಕುಬಿಟ್ರು.”

ಎಲ್ಲರೂ ಬಂದರು, ಲಾಯ್ ಬರಲಿಲ್ಲ. ಎದುರಿನ ಬಾಗಿಲಲ್ಲಿ ಕೂತು ಚಕ್ರ ಉಜ್ಜುತ್ತ ಒಳಗೆ ಹೋಗುವ ಒಂದೊಂದು ಪಾತ್ರೆಯನ್ನೂ ಕಣ್ಣಲ್ಲೇ ಎಣಿಸುತ್ತಿದ್ದ.

ಆಮೇಲೆ ಗಂಡಿನ ತಾಯಿ ಫಾಂಗ್ ಅಮ್ಮ ಬಿರುಗಾಳಿಯಂತೆ ಬಂದಿಳಿದಳು. ಅವಳದು ದನದ ಮಾಂಸದ ಸೂಪಿನ ಅಂಗಡಿ. ಬೆಳಗ್ಗೆಯಿಂದ ಗಿರಾಕಿಗಳ ಮೇಲೆ ಕೂಗಿ ಕೂಗಿ ಗಂಟಲು ಮೈಕಿನ ಹಾಗಿತ್ತು. ಕಂಕುಳಲ್ಲಿ ಪಂಚಾಂಗ, ಕೈಯಲ್ಲಿ ಸೂಪಿನ ಡಬ್ಬಿ.

“ಬೀಗರೇ, ನಾನು ಸುತ್ತಿ ಬಳಸಿ ಮಾತಾಡೋಳಲ್ಲ. ನಿಮಗೆ ಏನಾದ್ರೂ... ಅಂದ್ರೆ ಆಗೋದು ಬೇಡ, ಆದ್ರೆ ಆದ್ರೆ ಅಂತ ಇಟ್ಕೊಳ್ಳಿ... ಸೂತಕ ಅಂತ ಮದುವೆ ವರ್ಷಗಟ್ಟಲೆ ನಿಲ್ಲುತ್ತೆ. ಅದಕ್ಕೇ ಈ ಭಾನುವಾರವೇ ಮಾಡಿಬಿಡೋಣ. ದಿನಾನೂ ಚೆನ್ನಾಗಿದೆ. ಮನೇಲಿ ಮಂಗಳಕಾರ್ಯ ಆದ್ರೆ ಕಾಯಿಲೆ ಬೆಚ್ಚಿ ಓಡಿಹೋಗೋದೂ ಉಂಟು.”

“ಈ ಭಾನುವಾರ!” ಎಂದಳು ಬಿ-ಯುನ್. “ಅವರಿಗೆ ಸೂಟೂ ಹೊಲಿಸಿಲ್ಲ.”

“ಕಪ್ಪು ಸೂಟು ರೆಡಿಮೇಡ್ ತನ್ನಿ. ಎರಡಕ್ಕೂ ಆಗುತ್ತೆ.” ಹೇಳಿದ ಮೇಲೆ ಫಾಂಗ್ ಅಮ್ಮನಿಗೆ ನಾಲಗೆ ಕಚ್ಚಿಕೊಳ್ಳುವಂತಾಯಿತು. ಮಾತು ಮರೆಸಲು ಯು-ಚಿಂಗ್ ಕಡೆ ತಿರುಗಿದಳು. “ಬೈಕು ಯಾವುದಮ್ಮಾ? ಎದುರುಮನೆಯದ್ದು ಅಂದಿದ್ದೆಯಲ್ಲ?”

ಯು-ಚಿಂಗ್ ಅಪ್ಪನ ಕಾಲ ಬಳಿ ಕೂತು ಬಿಕ್ಕಿದಳು. “ಬೇಡ ಅತ್ತೆ. ನಾನು ನಮ್ಮಪ್ಪನ ಬೈಕಲ್ಲೇ ಹೋಗೋದು. ಚಕ್ರ ಹೇಗಾದ್ರೂ ಇರಲಿ. ಅಪ್ಪಾ, ನಿಮ್ಮ ಗಾಲಿ ಮೇಲೆ ಹತ್ತಿಯೇ ಈ ಮನೆ ಬಿಡ್ತೀನಿ.”

ಕೇಳಿದಿರಾ! ಯಾವುದಕ್ಕೆ ಇಷ್ಟೆಲ್ಲ ರಾಮಾಯಣವಾಯಿತೋ ಅದು ತಾನಾಗಿ ಮಡಿಲಿಗೆ ಬಿತ್ತು. ಆದರೆ ಮಡಿಲಿಗೆ ಬಿದ್ದ ಹೊತ್ತಿಗೆ ಟಾರ್ಪಾಲಿನ ಕೆಳಗೆ ಚಕ್ರಗಳು ಕುಷ್ಠ ಹಿಡಿದು ಕೂತಿದ್ದವು. ಭಾನುವಾರ ಟಾರ್ಪಾಲು ತೆಗೆದರೆ ಕಥೆ ಬಯಲು. ಮಗಳು ಅತ್ತ ಕಣ್ಣೊರೆಸಿಕೊಂಡು ಲಾಯ್‌ನ ಬೈಕು ಹತ್ತುತ್ತಾಳೆ. ಅತ್ತ ದರಿ, ಇತ್ತ ಪುಲಿ. ವೆಂಗ್‌ನ ಕಣ್ಣಲ್ಲಿ ನೀರು ಬಂತು, ಅದು ಅಪ್ಪಟ ನೀರು. ಅದನ್ನು ನೋಡಿ ಫಾಂಗ್ ಅಮ್ಮ ಅಂಗಡಿಯ ದನಿಯಲ್ಲಿ ಅತ್ತಳು.

ಮರುದಿನ ಹೆಂಗಸರು ಮದುವೆಯ ಕೇಕು ತರಲು ಹೋಗಿದ್ದಾಗ ಹಿತ್ತಲಲ್ಲಿ ಸದ್ದಾಯಿತು. ವೆಂಗ್ ಹೋಗಿ ನೋಡಿದರೆ ಲಾಯ್! ಟಾರ್ಪಾಲಿನ ಅಂಚು ಎತ್ತಿ ಹಿಡಿದು ಕಲ್ಲಾಗಿ ನಿಂತಿದ್ದ. ಚಕ್ರದ ಸಂದಿಯಿಂದ ಚಿಟಿಕೆ ಬೂದಿ ತೆಗೆದು ಮೂಸಿದ. ಮತ್ತೆ ವೆಂಗ್‌ನ ಮುಖ ನೋಡಿದ.

“ಇದಾ ನಿನ್ನ ಕಾಯಿಲೆ?”

ಕುಂಬಳಕಾಯಿ ಕಳ್ಳನಿಗೆ ಹೆಗಲು ಮುಟ್ಟಿ ನೋಡಿಕೊಳ್ಳುವುದಕ್ಕೂ ತ್ರಾಣವಿರಲಿಲ್ಲ. “ನೀನು ತರ್ತಿದ್ದೆಯಲ್ಲ ಕೆಂಪು ಪೊಟ್ಟಣ! ಗುಟ್ಟಾಗಿ!”

“ಅದು ಕುಡಿಯೋಕೆ ಕಣೋ ಮುಠ್ಠಾಳ! ನನಗೆ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಹಿತ್ತಾಳೆಗೆ ಬೂದಿ ಸರಿ, ಅಲಾಯ್ ಚಕ್ರಕ್ಕೆ ಬೂದಿನೀರು ಅಂದ್ರೆ ವಿಷ.”

ಲಾಯ್ ನಗುವುದನ್ನೇ ವೆಂಗ್ ಕಾದ. ನಗು ಬರಲಿಲ್ಲ. ಲಾಯ್ ತೆರೆದ ಅಡುಗೆಮನೆಯ ಬಾಗಿಲಿನಿಂದ ಒಳಗಿನ ಪಾತ್ರೆಗಳ ಸಾಲನ್ನು ನೋಡುತ್ತಿದ್ದ.

“ಆ ಕೋಳಿ ಸೂಪು ಮೂಲೆಮನೆಯವರದ್ದಾ?”

“ಹೂಂ.”

“ಎಳ್ಳೆಣ್ಣೇದು?”

“ಹೂಂ. ಚೆನ್ನಾಗಿತ್ತು.”

“ನನಗೆ ಆಪರೇಷನ್ನೇ ಆಯ್ತು ವೆಂಗ್. ಹೊಟ್ಟೆ ಹಿಡ್ಕೊಂಡು ವಾರ ಒದ್ದಾಡಿದೀನಿ. ಒಬ್ಬರಾದ್ರೂ ಒಂದು ಸೀಬೆಹಣ್ಣು ತಂದ್ರಾ? ಮನೆಗೆ ಬಂದ ದಿನ ನೀನೇ ಏನು ಕೇಳಿದೆ ಗೊತ್ತಾ? ‘ಯಾಕೋ ಲಾಯ್, ಚಕ್ರ ಮಂಕಾಗಿದೆ’ ಅಂದೆ! ನಿನಗೆ ಏನೂ ಇಲ್ಲ, ಗಟ್ಟಿ ಎಮ್ಮೆ ಹಾಗಿದ್ದೀಯ, ಶ್ಯೂ ಸಾಹೇಬ್ರು ಸೇಬಿನ ಬುಟ್ಟಿ ತರ್ತಾರೆ!” “ನನಗೆ ಹೊಟ್ಟೆ ಉರಿಯುತ್ತೆ ಕಣೋ.”

ವೆಂಗ್‌ಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ತನ್ನನ್ನು ನೋಡಿ ಲಾಯ್‌ಗೆ ಹೊಟ್ಟೆಯುರಿ! ಇಷ್ಟು ವರ್ಷ ಕಾದ ಮಾತು ಎಂಥ ಹೊತ್ತಿನಲ್ಲಿ ಬಂತು ನೋಡಿ. ಅದನ್ನು ಕೂತು ಸವಿಯುವ ಪುರುಸೊತ್ತೂ ಇರಲಿಲ್ಲ.

“ಲಾಯ್, ಮಾರಾಯ, ಯಾರಿಗೂ ಹೇಳ್ಬೇಡ. ನನ್ನ ಮಗಳು ನನ್ನ ಬೈಕಲ್ಲಿ ಹೋಗ್ಬೇಕು. ಅದೊಂದೇ ನನ್ನಾಸೆ.”

ಲಾಯ್ ಟಾರ್ಪಾಲು ಕೆಳಗೆ ಬಿಟ್ಟ. “ಚಕ್ರ ನಾನು ಸರಿಮಾಡ್ತೀನಿ. ಆದ್ರೆ ಮದುವೆ ಆದ ಮೇಲೆ ನಿನ್ನ ಕಾಯಿಲೆ ನನಗೆ ಕೊಡಬೇಕು.”

“ಅಂದ್ರೆ?”

“ನೀನು ಗುಣವಾಗು. ನಾನು ಮಲಗ್ತೀನಿ. ಲಾಯ್‌ಗೆ ಹುಷಾರಿಲ್ಲ ಅಂತ ಕಸದ ಲಾರಿ ಹತ್ರ ನೀನೇ ಹೇಳ್ಬೇಕು. ಅಳು ಮುಖ ಮಾಡ್ಕೊಂಡು ಹೇಳ್ಬೇಕು.”

ಒಪ್ಪಂದವಾಯಿತು. ಟಾರ್ಪಾಲು ಹೊದ್ದ ಬೈಕನ್ನು ಹಾಗೆಯೇ ತಳ್ಳಿಕೊಂಡು ಹೋಗಿ ಲಾಯ್ ತನ್ನ ಮನೆಯ ಷಟರ್ ಎಳೆದುಕೊಂಡ. ಮದುವೆಯ ಮುನ್ನಾದಿನದವರೆಗೂ ಹೊರಗೆ ಬರಲಿಲ್ಲ. ನೀರು ಹಾಕಿ ಉಜ್ಜುವ ಮರಳುಕಾಗದದಲ್ಲಿ ಮೊದಲು ಒರಟು, ಆಮೇಲೆ ನಯ, ಆಮೇಲೆ ರೇಷ್ಮೆಯಷ್ಟು ನಯ. ಆಮೇಲೆ ಪಾಲಿಶ್, ಬಟ್ಟೆ, ಮತ್ತೆ ಪಾಲಿಶ್. ಸಹಾಯಕ್ಕೆಂದು ಹಿಂಬಾಗಿಲಿನಿಂದ ನುಸುಳಿದ ವೆಂಗ್ ಬಟ್ಟೆ ಹಿಡಿದು ಕೂತ. ಕಪ್ಪು ಕರಗಿ ಬೆಳ್ಳಿ ಎದ್ದು ಬರುವುದನ್ನು ನೋಡಿ ಅವನಿಗೆ ಲಾಯ್‌ನ ಹೆಬ್ಬೆರಳಿನ ಮೇಲೂ ಹೊಟ್ಟೆಕಿಚ್ಚಾಯಿತು. ಬೀದಿಯವರು ಮಾತ್ರ, ‘ನೋಡಿ, ಸಾಯುವವನ ಬೈಕು ತೊಳೆದು ಕೊಡ್ತಿದ್ದಾನೆ, ಎಂಥ ಮನುಷ್ಯ’ ಎಂದು ಷಟರಿನ ಹೊರಗೆ ಪಿಸುಗುಟ್ಟಿದರು.

ಭಾನುವಾರ ಪಟಾಕಿ ಸಿಡಿಯಿತು. ಷಟರ್ ಮೇಲೆದ್ದು ಬೈಕು ಬಿಸಿಲಿಗೆ ಬಂದಾಗ ಬೀದಿಯೇ ‘ಹೋ’ ಎಂದಿತು. ಶ್ಯೂ ಅವರು ಕೈಯನ್ನು ಹಣೆಗೆ ಅಡ್ಡ ಹಿಡಿದರು. ಫೋಟೋದವನು ಚಕ್ರದಲ್ಲಿ ತನ್ನ ಮುಖವೇ ಕಾಣುತ್ತದೆಂದು ಮೂರು ಸಲ ಜಾಗ ಬದಲಿಸಿದ.

“ಲಾಯ್, ನಿನ್ನ ಗಾಲಿ ಇದರ ಮುಂದೆ ಮಂಕು ಕಣಯ್ಯ!” ಎಂದು ಯಾರೋ ಕೂಗಿದರು.

ಆ ಮಾತು ವೆಂಗ್‌ನ ಎದೆಯಲ್ಲಿ ಇಳಿದು ಹೊಟ್ಟೆಯವರೆಗೂ ಹೋಗಿ ತಣ್ಣಗೆ ಕೂತಿತು. ಶಿ-ಲುನ್ ಮುಂದೆ ಕೂತ. ಯು-ಚಿಂಗ್ ಬಿಳಿ ಗೌನಿನ ಅಂಚು ಮೊಣಕಾಲಿಗೆ ಸುತ್ತಿ ಹಿಂದೆ ಕೂತು, ಪದ್ಧತಿಯಂತೆ ಬೀಸಣಿಗೆಯನ್ನು ಹಿಂದಕ್ಕೆ ಎಸೆದಳು. ಬಿ-ಯುನ್ ಅಳುತ್ತ, ಅದೂ ಪದ್ಧತಿಯೇ, ಮಗಳ ಹಿಂದೆ ಬಟ್ಟಲಿನ ನೀರು ಚೆಲ್ಲಿದಳು. ತನ್ನ ಗಾಲಿಗಳು ಮಗಳನ್ನು ಹೊತ್ತು ಬೀದಿಯ ತಿರುವು ದಾಟುವವರೆಗೂ ವೆಂಗ್ ಕಣ್ಣು ಮಿಟುಕಿಸಲಿಲ್ಲ. ಅವನಿಗಿಂತ ಸುಖಿಯಾದ ಮನುಷ್ಯ ಆ ಹೊತ್ತು ಇಡೀ ತೈನಾನಿನಲ್ಲಿ ಇರಲಿಲ್ಲ.

ಮಧ್ಯಾಹ್ನದ ಔತಣದಲ್ಲಿ ಅವನು ಏಡಿ ತಿಂದ, ಅಂಟಕ್ಕಿ ಅನ್ನ ತಿಂದ, ಶ್ಯೂ ಅವರ ಜೊತೆ ಲೋಟಕ್ಕೆ ಲೋಟ ಖಾಲಿ ಮಾಡಿದ. ವೈದ್ಯದೇವರ ಮಹಿಮೆಯೆಂದು ಕಾವ್ ಅಜ್ಜ ನಾಲ್ಕು ಹಲ್ಲೂ ತೋರಿಸಿ ಕುಣಿದ.

ಮರುದಿನ ಸಂಜೆ ಹಾಡಿನ ಲಾರಿಗೆ ಜನ ಸೇರಿದಾಗ ಲಾಯ್‌ನ ಬಾಗಿಲು ಮುಚ್ಚಿತ್ತು. ಕಿಟಕಿಯ ಪರದೆ ಮಾತ್ರ ಎರಡು ಬೆರಳಿನಷ್ಟು ಸರಿದಿತ್ತು. ಕೊಟ್ಟ ಮಾತು ತೀರಿಸಲೇಬೇಕು. ವೆಂಗ್ ಗಂಟಲು ಸರಿಮಾಡಿಕೊಂಡು, “ಲಾಯ್‌ಗೆ ಸ್ವಲ್ಪ ಹುಷಾರಿಲ್ಲ. ಅಂಥದ್ದೇನಿಲ್ಲ, ನೆಗಡಿ ಇರಬೇಕು,” ಎಂದ. ಆದಷ್ಟು ಅಗ್ಗದ ಕಾಯಿಲೆ ಕೊಟ್ಟು ಕೈತೊಳೆದುಕೊಳ್ಳುವುದು ಅವನ ಉಪಾಯ.

“ಯಾವಾಗಿಂದ?” ಎಂದ ಕಾವ್ ಅಜ್ಜ.

“ನಿನ್ನೆಯಿಂದ.”

“ನಿನ್ನೆಯಿಂದ! ನಿನಗೆ ಗುಣವಾದದ್ದು ಯಾವಾಗ?”

“ನಿನ್ನೆಯೇ...”

ಅಜ್ಜನ ಗಡ್ಡ ಅದುರಿತು. “ಷಟರ್ ಎಳ್ಕೊಂಡು ಇವನ ಬೈಕಿನ ಜೊತೆ ಒಬ್ಬನೇ ಕೂತಿದ್ದ. ಬೈಕು ಹೊಳೆದದ್ದು ಸುಮ್ಮನೆ ಅಂದ್ಕೊಂಡ್ರಾ? ಕಾಯಿಲೇನ ತನ್ನ ಮೈಮೇಲೆ ಎಳ್ಕೊಂಡಿದ್ದಾನೆ!”

“ಹೌದಲ್ಲ!” ಎಂದಳು ಮೂಲೆಮನೆಯ ಸೊಸೆ. “ಮಗಳಿಗೆ ಅಪ್ಪ ಉಳೀಲಿ, ನನಗ್ಯಾರಿದ್ದಾರೆ ಅಂತ!”

“ಛೇ ಛೇ, ಬರೀ ನೆಗಡಿ...” ಎಂದು ವೆಂಗ್ ಕೂಗಿದ. “ಸ್ವಲ್ಪ ಮೂಗು ಕಟ್ಟಿದೆ ಅಷ್ಟೇ!”

“ಬಾಯಿ ಮುಚ್ರೀ, ಕೃತಘ್ನ!” ಎಂದು ಬಿ-ಯುನ್ ಎಲ್ಲರ ಎದುರಿಗೇ ಗದರಿದಳು. “ಜೀವ ಕೊಟ್ಟವರ ಬಗ್ಗೆ ಹೀಗಾ ಮಾತಾಡೋದು?”

ಆ ದಿನ ಲಾರಿ ಕಸವಿಲ್ಲದೆ ಹೋಯಿತು. ಲಾಯ್‌ನ ಬಾಗಿಲಲ್ಲಿ ಪಾತ್ರೆ ಹಿಡಿದವರ ಸಾಲು ಗುಡಿಯ ಮುಂದಿನ ಸಾಲಿಗಿಂತ ಉದ್ದವಾಯಿತು. ಶ್ಯೂ ಅವರು ಸನ್ಮಾನದ ಮರದ ಫಲಕಕ್ಕೆ ಆರ್ಡರ್ ಕೊಟ್ಟರು. ವೆಂಗ್‌ನ ಮನೆಗೆ ಬಂದಿದ್ದ ಸೇಬಿನ ಬುಟ್ಟಿ ಸಹ, ಒಂದು ಸೇಬು ಕಡಿಮೆಯಾಗಿ, ರಸ್ತೆ ದಾಟಿತು.

ಮದುಮಗಳು ತೌರಿಗೆ ಮೊದಲ ಸಲ ಊಟಕ್ಕೆ ಬರುವ ದಿನ ವೆಂಗ್ ಕಪ್ಪು ಸೂಟು ತೊಟ್ಟು ಬೆಳಗ್ಗೆಯಿಂದ ಬಾಗಿಲಲ್ಲಿ ಕೂತಿದ್ದ. ಮೇಜಿನ ಮೇಲೆ ಮಗಳಿಗೆ ಇಷ್ಟದ್ದೆಲ್ಲ ಇತ್ತು. ಕೊನೆಗೂ ತನ್ನ ಬೈಕಿನ ಸದ್ದು ಕೇಳಿತು. ಸಾವಿರ ಬೈಕಿನಲ್ಲೂ ಗುರುತಿಸಬಲ್ಲ ಸದ್ದು. ಬಿಸಿಲಲ್ಲಿ ಎರಡು ಚಕ್ರಗಳು ಥಳಥಳಿಸುತ್ತ ತಿರುವು ದಾಟಿ ಬಂದವು. ವೆಂಗ್ ಎದ್ದು ಕೈ ಚಾಚಿದ. ಬೈಕು ಅವನ ಬಾಗಿಲು ದಾಟಿ, ನಿಧಾನಿಸಿ, ಲಾಯ್‌ನ ಬಾಗಿಲಲ್ಲಿ ನಿಂತಿತು.

“ಅಪ್ಪಾ, ನೀವು ಊಟ ಶುರುಮಾಡಿ!” ಯು-ಚಿಂಗ್ ಉಡುಗೊರೆಯ ಕೆಂಪು ಡಬ್ಬ ಎದೆಗೊತ್ತಿಕೊಂಡು ಇಳಿದಳು. ಅವಳ ಕಣ್ಣು ಒದ್ದೆಯಾಗಿತ್ತು. “ನಾವು ಮೊದಲು ಲಾಯ್ ಮಾಮನ್ನ ನೋಡ್ಕೊಂಡು ಬರ್ತೀವಿ.”

ಅವಳ ಹಿಂದೆಯೇ ಬಿ-ಯುನ್ ಮೇಜಿನ ಮೇಲಿದ್ದ, ಜಿನ್‌ಸೆಂಗ್ ಎಂಬ ದುಬಾರಿ ಬೇರು ಹಾಕಿದ ಕೋಳಿ ಸೂಪಿನ ಪಾತ್ರೆಯನ್ನು ಎತ್ತಿಕೊಂಡು ಓಡಿದಳು. ಗಂಡ ಸಾಯುತ್ತಾನೆಂದು ಗೊತ್ತಿದ್ದಾಗಲೂ ಅವಳು ಜಿನ್‌ಸೆಂಗ್ ಹಾಕಿರಲಿಲ್ಲ. ಫಾಂಗ್ ಅಮ್ಮನ ಮೈಕಿನ ಗಂಟಲು ಆಗಲೇ ಒಳಗಿನಿಂದ ಕೇಳುತ್ತಿತ್ತು. ಅವಳು ಅಲ್ಲಿಗೇ ನೇರವಾಗಿ ಬಂದಿದ್ದಳು.

ವೆಂಗ್ ಸೂಟಿನಲ್ಲಿ ರಸ್ತೆಯ ನಡುವೆ ಒಬ್ಬನೇ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ಎದೆ ಹಿಡಿದುಕೊಂಡು, ಲಾಯ್‌ನ ಕಿಟಕಿಯ ಕಡೆ ಮುಖಮಾಡಿ, ತನ್ನಿಂದ ಸಾಧ್ಯವಾದಷ್ಟು ದಯನೀಯವಾಗಿ ಒಂದು ಸಲ ಕೆಮ್ಮಿದ.

ಕಿಟಕಿಯ ಪರದೆ ಸರಿಯಿತು. ಬಿ-ಯುನ್‌ಳ ತಲೆ ಹೊರಬಂತು.

“ರೀ, ಅಲ್ಲಿ ನಿಂತು ಗಲಾಟೆ ಮಾಡ್ಬೇಡಿ! ಒಳಗೆ ಕಾಯಿಲೆಯವರು ಮಲಗಿದ್ದಾರೆ!”